ಅರ್ಧ ಸೆರಗಿನ ಕುಚ್ಚು

ಆ ಗುರುವಾರ ಸಂಜೆ ನಮ್ಮ ಮನೆಯಲ್ಲಿ ಬೇರೆಯವರ ಸೀರೆ ಒಂದೂ ಇರಲಿಲ್ಲ. ಮಾರನೆಯ ದಿನ ವರಮಹಾಲಕ್ಷ್ಮಿ ಹಬ್ಬ. ಒಂದು ತಿಂಗಳಿಂದ ಕುರ್ಚಿಯ ಮೇಲೆ, ಮಂಚದ ಮೇಲೆ, ಫ್ರಿಜ್ಜಿನ ನೆತ್ತಿಯ ಮೇಲೆ ಮಡಿಸಿಟ್ಟಿದ್ದ ರೇಷ್ಮೆ ಸೀರೆಗಳೆಲ್ಲ ಮಧ್ಯಾಹ್ನ ಮೂರು ಗಂಟೆಯೊಳಗೆ ಜಯನಗರದ ಪದ್ಮಕ್ಕನ ಅಂಗಡಿ ಸೇರಿದ್ದವು. ನಾನು ಅರ್ಧ ದಿನ ರಜೆ ಹಾಕಿ, ಸ್ಕೂಟರಿನಲ್ಲಿ ಎರಡು ಸಲ ಹೋಗಿ ತಲುಪಿಸಿ ಬಂದಿದ್ದೆ. ಬರುವಾಗ ಎರಡು ಬಾಳೆಕಂದು, ಒಂದು ಮೊಳ ಕನಕಾಂಬರ ತಂದೆ. ಹಬ್ಬದ ರೇಟಿಗೆ ಅದಕ್ಕಿಂತ ಹೆಚ್ಚು ಕೇಳುವ ಧೈರ್ಯ ಇರಲಿಲ್ಲ.

ನನ್ನ ಹೆಂಡತಿ ಶೋಭಾ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ಸೆರಗಿನ ಅಂಚಿನಲ್ಲಿ ಬಿಟ್ಟಿರುವ ಎಳೆಗಳನ್ನು ಗಂಟು ಹಾಕಿ, ಬಣ್ಣದ ರೇಷ್ಮೆ ದಾರ ಸೇರಿಸಿ, ಮಣಿ ಪೋಣಿಸಿ, ಒಂದೊಂದಾಗಿ ಇಳಿಬಿಡುವ ಕೆಲಸ. ಒಂದು ಸೀರೆಗೆ ಮೂರು ಗಂಟೆ, ಕೆಲವಕ್ಕೆ ಎರಡು ದಿನ. ಆ ಸಂಜೆ ಮನೆ ಖಾಲಿಯಾಗಿದ್ದರೂ ಅವಳ ಕೈ ಸುಮ್ಮನಿರಲಿಲ್ಲ. ಮೂರನೇ ಕ್ಲಾಸಿನಲ್ಲಿದ್ದ ನಮ್ಮ ದೊಡ್ಡವಳು ಇಂಚರ ಅವಕಾಶ ನೋಡಿ ಚುಚ್ಚಿದಳು.

"ಅಮ್ಮ, ಜಯನಗರದ ಆಂಟಿಗಳಿಗೆಲ್ಲ ಕುಚ್ಚು ಹಾಕ್ತೀಯ, ನಿನ್ ಸೀರೆ ಮಾತ್ರ ಬೋಳು. ನಿನ್ನ ನೋಡಿ ಯಾರ್ ಆರ್ಡರ್ ಕೊಡ್ತಾರೆ?"

ಶೋಭಾ ನಕ್ಕು ಬೀರುವಿನಿಂದ ತನ್ನ ಧಾರೆ ಸೀರೆ ತೆಗೆದಳು. ಅರಗು ಬಣ್ಣದ್ದು, ಹಸಿರು ಅಂಚು. ಮದುವೆಯಾಗಿ ಹನ್ನೊಂದು ವರ್ಷವಾದರೂ ಅದರ ಸೆರಗು ಅಂಗಡಿಯಿಂದ ಬಂದ ಹಾಗೆಯೇ ಇತ್ತು. ಕಿಟಕಿಯ ಪಕ್ಕ ಕೂತು, ಸೆರಗನ್ನು ಹಲಗೆಯ ಮೇಲೆ ಹರಡಿ, ಮೇಲೆ ಕುಟ್ಟಾಣಿ ಕಲ್ಲು ಇಟ್ಟಳು. ಇಂಚರ ದಾರದ ಬಣ್ಣ ಆರಿಸಿದಳು. ನಾಲ್ಕು ವರ್ಷದ ಸಿರಿ ಡಬ್ಬಿಯಿಂದ ಚಿನ್ನದ ಬಣ್ಣದ ಮಣಿಗಳನ್ನು ಕದ್ದು ಗೊಂಬೆಗೆ ಊಟ ಮಾಡಿಸುತ್ತಿದ್ದಳು. ಹೊರಗೆ ಸಣ್ಣ ಜಿಟಿ ಮಳೆ. ಪುಟ್ಟೇನಹಳ್ಳಿ ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ನಾನು ಬಾಗಿಲಿಗೆ ಮಾವಿನ ತೋರಣ ಕಟ್ಟಿದೆ. ಬೆಳಕು ಕಡಿಮೆಯಾಗುವ ಹೊತ್ತಿಗೆ ಅರ್ಧ ಸೆರಗು ಮುಗಿದಿತ್ತು.

ಅಷ್ಟಕ್ಕೇ ನಿಲ್ಲಿಸಿದಳು. "ಮಿಕ್ಕಿದ್ದು ಬೆಳಗ್ಗೆ ಕಳಸ ಕೂರಿಸೋ ಮುಂಚೆ ಹಾಕ್ತೀನಿ. ಆಗ್ಲಿಲ್ಲ ಅಂದ್ರೆ ಆ ಕಡೆ ಅರ್ಧ ಸೊಂಟಕ್ಕೆ ಸಿಕ್ಕಿಸ್ಕೊಂಡ್ರಾಯ್ತು, ಯಾರ್ ನೋಡ್ತಾರೆ," ಅಂದಳು. ಎದ್ದು ನಿಲ್ಲುವಾಗ ಗೋಡೆ ಹಿಡಿದುಕೊಂಡಳು. ನಾನು ನೋಡಿದೆ. ದಿನವೂ ಹಾಗೆಯೇ ಹಿಡಿದುಕೊಳ್ಳುತ್ತಿದ್ದಳು, ಅದಕ್ಕೆ ಏನೂ ಕೇಳಲಿಲ್ಲ.

ಎರಡು ವರ್ಷ ಕಳೆದು ಈಗ ಮತ್ತೆ ಶ್ರಾವಣ. ಮೊನ್ನೆ ಜಯನಗರದಲ್ಲಿ ಪದ್ಮಕ್ಕನ ಅಂಗಡಿ ದಾಟುವಾಗ ಹೊಸ ರೇಷ್ಮೆಯ ವಾಸನೆ ರಸ್ತೆಯವರೆಗೂ ಬಂತು. ಒಂದು ವರ್ಷ ನಮ್ಮ ಮನೆಯಲ್ಲಿ ಅನ್ನಕ್ಕೂ ಆ ವಾಸನೆ ಇತ್ತು. ಆ ಹಬ್ಬದ ಹಿಂದಿನ ವರ್ಷದ ಶ್ರಾವಣದಿಂದ ಆ ಹಬ್ಬದವರೆಗಿನ ಒಂದು ವರ್ಷದ ಬಗ್ಗೆ ನನಗೆ ತಿಳಿದ ಹಾಗೆ ಬರೆಯುತ್ತಿದ್ದೇನೆ. ನಾನು ಐಟಿಐ ಓದಿದವನು, ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಎಲೆಕ್ಟ್ರಿಷಿಯನ್. ಚೆನ್ನಾಗಿ ಬರೆಯಲು ಬರುವುದಿಲ್ಲ. ಆದರೆ ಅವಳ ಬಗ್ಗೆ ಜನ ಆಡಿದ ಮಾತು ಕೇಳಿ ಕೇಳಿ, ಸುಮ್ಮನಿದ್ದರೆ ಅದೇ ನಿಜವಾಗಿಬಿಡುತ್ತದೆ ಅನ್ನಿಸಿದೆ.

ಸಾಲ ನಮ್ಮದಾಗಿರಲಿಲ್ಲ. ಅದನ್ನು ಮೊದಲು ಹೇಳಬೇಕು. ಸಾಲ ಶೋಭಾಳ ಅಣ್ಣ ನಾಗರಾಜನದು.

ಅವರದು ಯಡಿಯೂರಿನ ಹಳೇ ಮನೆತನ. ಅವರ ಅಜ್ಜ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಮನೆಗಳಿವೆ. ಭೂಮಿ ಸೈಟುಗಳಾದಾಗ ಹೆಣ್ಣುಮಕ್ಕಳ ಕೈಯಲ್ಲಿ ಸೈನು ಹಾಕಿಸಿಕೊಂಡು, ಅರಿಶಿನ ಕುಂಕುಮದ ಜೊತೆ ಒಂದೊಂದು ರವಿಕೆ ಕಣ ಕೊಟ್ಟು ಕಳಿಸಿದ್ದರು. ಶೋಭಾ ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ನಾಗರಾಜ ಆ ದುಡ್ಡಿನಲ್ಲಿ ಸೈಟು ಕೊಡುವುದು, ಕೊಳ್ಳುವುದು ಮಾಡಿಕೊಂಡಿದ್ದ. ಇಂಚರ ಒಂದನೇ ಕ್ಲಾಸು ಸೇರಿದ ವರ್ಷ ಯುಗಾದಿಗೆ ನಮ್ಮನ್ನು ಊಟಕ್ಕೆ ಕರೆದ. ಒಬ್ಬಟ್ಟಿನ ಮೇಲೆ ತುಪ್ಪ ತಾನೇ ಬಡಿಸಿದ. ಕೈ ತೊಳೆದ ಮೇಲೆ ಒಂದು ಫಾರಂ ತಂದಿಟ್ಟ. ಅಲ್ಲೇ ಹತ್ತಿರದ ಸಹಕಾರ ಸೊಸೈಟಿಯಲ್ಲಿ ನಾಲ್ಕು ಲಕ್ಷ ಸಾಲ ತೆಗೆಯುತ್ತಿದ್ದ. ಮನೆಯ ಪತ್ರಗಳು ಆಗಲೇ ಇನ್ನೊಂದು ಕಡೆ ಅಡವಿದ್ದವು. ಜಾಮೀನಿಗೆ ಸಂಬಳದ ಚೀಟಿ ಇರುವವನೊಬ್ಬ ಬೇಕಿತ್ತು.

"ಒಂದ್ ಸೈನು ಅಷ್ಟೇ ರಮೇಶ. ನಂಗೆ ಆಸ್ತಿ ಇದೆ, ಸಂಬಳದ ಚೀಟಿ ಇಲ್ಲ. ನಿಂಗೆ ಸಂಬಳದ ಚೀಟಿ ಇದೆ, ಆಸ್ತಿ ಇಲ್ಲ. ಇಬ್ರೂ ಸೇರಿದ್ರೆ ಒಬ್ಬ ಪೂರ್ತಿ ಮನುಷ್ಯ," ಅಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಸೈನು ಹಾಕಿದೆ. ಹೆಂಡತಿಯ ಅಣ್ಣ, ಊಟ ಹಾಕಿದ್ದಾನೆ, ಎಲೆ ಇನ್ನೂ ಎತ್ತಿಲ್ಲ, ಬೇಡ ಅನ್ನುವುದು ಹೇಗೆ? ನಮ್ಮಂಥವರು ಸೈನು ಹಾಕುವುದು ಕಾಗದ ನೋಡಿ ಅಲ್ಲ, ಎಲೆ ನೋಡಿ.

ಒಂದು ವರ್ಷ ಕಟ್ಟಿದ. ಆಮೇಲೆ ನಿಲ್ಲಿಸಿದ. ನಮಗೆ ಗೊತ್ತಾಗಿದ್ದು ನಮ್ಮ ಮೇಂಟೆನೆನ್ಸ್ ಕಂಪನಿಯ ಮ್ಯಾನೇಜರ್ ಕರೆದು ಸೊಸೈಟಿಯ ಕಾಗದ ಕೈಗೆ ಕೊಟ್ಟಾಗ. ಆಗಲೂ ಶ್ರಾವಣವೇ. ಮುಂದಿನ ತಿಂಗಳಿಂದ ನನ್ನ ಇಪ್ಪತ್ತನಾಲ್ಕು ಸಾವಿರ ಸಂಬಳದಲ್ಲಿ ಹತ್ತು ಸಾವಿರ ಮುರಿದುಕೊಳ್ಳುತ್ತಾರೆ ಎಂದು ಬರೆದಿತ್ತು. ನಾನು ಸೊಸೈಟಿಗೆ ಓಡಿದೆ. ಸೆಕ್ರೆಟರಿ ಒಳ್ಳೆಯ ಮನುಷ್ಯನೇ, ಕಾಫಿ ತರಿಸಿಕೊಟ್ಟ. ಸಾಲ ತೆಗೆದವನ ಮನೆ ಇಲ್ಲಿಂದ ಎರಡು ಬೀದಿ, ನಾಲ್ಕು ಅಂತಸ್ತು, ಕೆಳಗೆ ಕಾರು ನಿಂತಿದೆ, ಅವನನ್ನು ಯಾಕೆ ಕೇಳುವುದಿಲ್ಲ ಎಂದೆ. ಅದು ಕೋರ್ಟಿಗೆ ಹೋಗಬೇಕು, ಐದಾರು ವರ್ಷ ಬೇಕು ಎಂದು ನಿಧಾನವಾಗಿ ವಿವರಿಸಿದ. ಕೊನೆಗೆ ಅಂದ: "ಬಿಲ್ಡಿಂಗ್‌ಗೆ ಕೈ ಹಾಕೋದು ಕಷ್ಟ ಸಾರ್. ಸಂಬಳಕ್ಕೆ ಸುಲಭ."

ಇದಕ್ಕಿಂತ ನಿಜವಾದ ಮಾತನ್ನು ನಾನು ಜೀವನದಲ್ಲಿ ಕೇಳಿಲ್ಲ. ಇರುವವನ ಹತ್ತಿರ ವಸೂಲಿ ಮಾಡುವುದು ಕಷ್ಟ, ಆದ್ದರಿಂದ ಇಲ್ಲದವನ ಹತ್ತಿರ ಮಾಡುತ್ತಾರೆ. ಇದನ್ನು ನಿಯಮ ಎಂದು ಅಚ್ಚು ಹಾಕಿಸಿ, ಕೆಳಗೆ ಸೀಲು ಒತ್ತುತ್ತಾರೆ.

ಅಲ್ಲಿಂದ ನೇರವಾಗಿ ನಾಗರಾಜನ ಮನೆಗೆ ಹೋಗುವವನಿದ್ದೆ. ಶೋಭಾ ಫೋನಿನಲ್ಲಿ ತಡೆದಳು, ಮೊದಲು ಮನೆಗೆ ಬನ್ನಿ ಅಂದಳು. ಮನೆಗೆ ಬಂದರೆ ಅಳುತ್ತಿರಲಿಲ್ಲ, ಯೋಚನೆ ಮಾಡಿ ಮುಗಿಸಿದ್ದಳು. ಅಣ್ಣನ ಮನೆ ಬಾಗಿಲಲ್ಲಿ ನಾನು ದನಿ ಎತ್ತಬಾರದು, ಪಂಚಾಯಿತಿ ಸೇರಿಸಬಾರದು, ಯಾರಿಗೂ ಹೇಳಬಾರದು. ನಾವೇ ತೀರಿಸೋಣ. ಅವಳು ಕುಚ್ಚಿನ ಕೆಲಸ ಜಾಸ್ತಿ ಮಾಡುತ್ತಾಳೆ. ನಾನು ಒಪ್ಪಲಿಲ್ಲ. ಆಗ ಅವಳು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಅಪ್ಪ ಇಲ್ಲ, ಅಮ್ಮ ಇಲ್ಲ. ತವರು ಅಂತ ಇರೋದು ಅವನೊಬ್ನೇ. ನಾಳೆ ನಾನು ಸತ್ರೆ ಮೈಮೇಲೆ ಸೀರೆ ಹೊದಿಸೋಕೆ ಯಾರ್ ಬರ್ತಾರೆ ರೀ? ನೀವ್ ಹೊದಿಸಂಗಿಲ್ಲ. ಅವನೇ ತರ್ಬೇಕು."

ನಮ್ಮಲ್ಲಿ ಮುತ್ತೈದೆ ಸತ್ತರೆ ಕೊನೆಯ ಸೀರೆ ತವರಿನಿಂದ ಬರಬೇಕು. ಅದನ್ನು ಉಡಿಸಿಯೇ ಕಳಿಸುವುದು. ಬಾರದಿದ್ದರೆ ಆ ಹೆಂಗಸಿಗೆ ಹಿಂದೆಮುಂದೆ ಯಾರೂ ಇರಲಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಅವಳ ಚಿಕ್ಕಮ್ಮ ಒಬ್ಬಳಿಗೆ ಹಾಗಾಗಿತ್ತು. ಅಣ್ಣತಮ್ಮಂದಿರ ಮೇಲೆ ಪಾಲಿಗೆ ಕೇಸು ಹಾಕಿದ್ದಳು, ಸತ್ತಾಗ ಅವರು ಬರಲಿಲ್ಲ. ಆಗ ಶೋಭಾ ಹತ್ತು ವರ್ಷದ ಹುಡುಗಿ. ಹೆಣದ ಸುತ್ತ ಕೂತ ಹೆಂಗಸರು ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡಿದ್ದಳು. ಮೂವತ್ತನಾಲ್ಕು ವರ್ಷದ ಗಟ್ಟಿಮುಟ್ಟು ಹೆಂಗಸು, ಎರಡು ಮಕ್ಕಳ ತಾಯಿ, ಸಾವಿನ ಸೀರೆಯ ಬಗ್ಗೆ ಮಾತಾಡುತ್ತಾಳಲ್ಲ ಎಂದು ನಾನು ಬೈದೆ. ಅವಳು ನಕ್ಕಳು. ನಾನೂ ಸೋತೆ. ಅಣ್ಣನ ಸಾಲವನ್ನು ತಂಗಿ ಬಾಯಿ ಮುಚ್ಚಿಕೊಂಡು ತೀರಿಸುವುದು, ತವರು ಮುರಿಯದಿರಲಿ ಎಂದು. ಇಂಥ ತಪ್ಪು ನಮ್ಮ ಮನೆಗಳಲ್ಲಿ ಮಾತ್ರ ಆಗುತ್ತದೆ. ಅದನ್ನು ನಾವು ತಪ್ಪು ಎಂದು ಕರೆಯುವುದೂ ಇಲ್ಲ, ಮರ್ಯಾದೆ ಅನ್ನುತ್ತೇವೆ.

ಪದ್ಮಕ್ಕನದು ಜಯನಗರದಲ್ಲಿ ಬ್ಲೌಸ್ ಹೊಲಿಸುವ, ಫಾಲ್ಸ್ ಹಾಕಿಸುವ ಸಣ್ಣ ಅಂಗಡಿ. ಬಾಯಿ ಜೋರು, ಲೆಕ್ಕ ಚೊಕ್ಕ. ಅದುವರೆಗೆ ವಾರಕ್ಕೆ ಎರಡು ಮೂರು ಸೀರೆ ಕೊಡುತ್ತಿದ್ದವಳು ಹತ್ತು ಹನ್ನೆರಡು ಕೊಡತೊಡಗಿದಳು. ಶೋಭಾ ಐದಕ್ಕೆ ಏಳುತ್ತಿದ್ದಳು. ಡಬ್ಬಿ ಕಟ್ಟಿ, ಇಂಚರಳನ್ನು ಶಾಲೆಗೆ ಕಳಿಸಿ, ಒಂಬತ್ತಕ್ಕೆ ಕಿಟಕಿಯ ಪಕ್ಕ ಕೂತರೆ ಬೆಳಕು ಇರುವವರೆಗೂ ಬೆನ್ನು ಎತ್ತುತ್ತಿರಲಿಲ್ಲ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅರಗು ಯಾವುದು, ಕಡುಗೆಂಪು ಯಾವುದು ತಿಳಿಯುವುದಿಲ್ಲ ಎಂದು ಹಗಲಿನಲ್ಲೇ ಎಲ್ಲ ಮುಗಿಸಬೇಕಿತ್ತು. ನಾನು ಅಪಾರ್ಟ್‌ಮೆಂಟಿನ ಐವತ್ತು ಮನೆಗಳಿಗೆ ದೀಪ ಸರಿಮಾಡುವವನು, ನನ್ನ ಮನೆಯ ಕಿಟಕಿಯಲ್ಲಿ ಇನ್ನೊಂದು ಗಂಟೆ ಬೆಳಕು ಹಿಡಿದಿಡಲು ನನ್ನಿಂದ ಆಗಲಿಲ್ಲ.

ಮಳೆಗಾಲದಲ್ಲಿ ರೇಷ್ಮೆ ದಾರ ತೇವಕ್ಕೆ ಮೆತ್ತಗಾಗಿ ಗಂಟು ಜಾರುತ್ತಿತ್ತು. ಬೇಸಿಗೆಯಲ್ಲಿ ಬೆವರಿನ ಕೈಗೆ ಬಣ್ಣ ಬಿಡುತ್ತಿತ್ತು. ತೊಡೆಯ ಮೇಲೆ ಪೌಡರ್ ಡಬ್ಬಿ ಇಟ್ಟುಕೊಂಡೇ ಕೂರುತ್ತಿದ್ದಳು. ಸಿರಿ ಆ ವರ್ಷ ಬಣ್ಣ ಕಲಿತದ್ದೂ ಆ ಕಿಟಕಿಯ ಕೆಳಗೇ. ಅಂಗನವಾಡಿಯ ಟೀಚರ್ ಬಣ್ಣಗಳ ಹೆಸರು ಕೇಳಿದರೆ ಕೆಂಪು, ಹಳದಿ ಅನ್ನುತ್ತಿರಲಿಲ್ಲ. ಸೀರೆ ಅಂಗಡಿಯವರ ಹಾಗೆ ರಾಮಾ ಗ್ರೀನ್, ಎಂ.ಎಸ್. ಬ್ಲೂ ಅನ್ನುತ್ತಿದ್ದಳು. ಪದ್ಮಕ್ಕನಿಗೆ ಇದನ್ನು ಹೇಳಿದರೆ ಬಿದ್ದು ಬಿದ್ದು ನಕ್ಕಳು: "ಇವ್ಳಿಗೆ ಈಗ್ಲೇ ಸಂಬಳ ಕೊಟ್ಟು ಇಟ್ಕೋತೀನಿ ಬಿಡು."

ನಾವು ಅತ್ತುಕೊಂಡೇ ಬದುಕಲಿಲ್ಲ. ಅದನ್ನೂ ಹೇಳಬೇಕು. ಭಾನುವಾರ ಕೆರೆಯ ಸುತ್ತ ನಡೆಯುತ್ತಿದ್ದೆವು, ಒಂದು ಪ್ಲೇಟು ಚುರುಮುರಿಯನ್ನು ನಾಲ್ಕು ಜನ ತಿನ್ನುತ್ತಿದ್ದೆವು. ಎದುರಿಗೆ ರೇಷ್ಮೆ ಸೀರೆಯವರು ಬಂದರೆ ಶೋಭಾ ಮುಖ ನೋಡುತ್ತಿರಲಿಲ್ಲ, ಸೆರಗು ನೋಡುತ್ತಿದ್ದಳು. ಇದು ನಂದು, ಇದು ನಂದಲ್ಲ, ಇದನ್ನ ಯಾರೋ ಅವಸರದಲ್ಲಿ ಕಟ್ಟಿದ್ದಾರೆ ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಅವಳ ಮುಖದಲ್ಲಿ ಆಗ ಒಂದು ಹೆಮ್ಮೆ ಇರುತ್ತಿತ್ತು. ಸಾಲ ಬೇರೆಯವರದಾದರೂ ಕೆಲಸ ತನ್ನದು ಅನ್ನುವ ಹೆಮ್ಮೆ.

ಸಂಕ್ರಾಂತಿ ಕಳೆದ ಮೇಲೆ ಅವಳಿಗೆ ಮುಟ್ಟು ನಿಲ್ಲದಾಯಿತು. ತಿಂಗಳಲ್ಲಿ ಹದಿನೈದು ದಿನ ಹೋಗುತ್ತಿತ್ತು. ನನಗೆ ಹೇಳಿದ್ದು ತಡವಾಗಿ. ಮನೆ ಹತ್ತಿರದ ಡಾಕ್ಟರಮ್ಮ ನೋಡಿ, ರಕ್ತ ಕಡಿಮೆ ಇದೆ, ಮೊದಲು ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ಆ ತಿಂಗಳು ಇಂಚರಳ ಶಾಲೆಯ ಫೀಸು ಕಟ್ಟುವುದಿತ್ತು. ಶೋಭಾ ಮೆಡಿಕಲ್ ಶಾಪಿನಿಂದ ಕಬ್ಬಿಣದ ಮಾತ್ರೆ ತಂದುಕೊಂಡಳು. ಸ್ಕ್ಯಾನ್ ಏನಾಯಿತು ಎಂದು ನಾನು ಎರಡು ಸಲ ಕೇಳಿದೆ. ಆಯ್ತು, ಏನೂ ಇಲ್ವಂತೆ ಅಂದಳು. ನಾನು ನಂಬಿದೆ. ನಂಬಲು ನನಗೂ ಅನುಕೂಲವಾಗಿತ್ತು. ಈ ವಾಕ್ಯ ಬರೆಯುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ಮೇ ತಿಂಗಳಲ್ಲಿ ನಾಗರಾಜನ ಹೊಸ ಮನೆಯ ಗೃಹಪ್ರವೇಶ ಬಂತು. ಬನಶಂಕರಿಯ ಆಚೆ, ಮೂರು ಅಂತಸ್ತು, ಲಿಫ್ಟು ಬೇರೆ. ಸಾಲ ಕಟ್ಟಲು ಕೈ ನಡೆಯದವನಿಗೆ ಲಿಫ್ಟು ನಡೆಯಿತು. ಅದಕ್ಕೆ ಹತ್ತು ದಿನ ಮೊದಲು ಅವನ ಹೆಂಡತಿ ಒಂದು ಚೀಲದಲ್ಲಿ ಆರು ಸೀರೆ ಕಳಿಸಿದಳು. ಮನೆಯವಳೇ ಕುಚ್ಚು ಕಟ್ಟುತ್ತಾಳೆ, ಹೊರಗೆ ಯಾಕೆ ಕೊಡುವುದು ಎಂದು ಫೋನಿನಲ್ಲಿ ಅಂದಳಂತೆ. ಶೋಭಾ ಆರನ್ನೂ ಕಟ್ಟಿದಳು. ಪದ್ಮಕ್ಕನ ಆರ್ಡರ್ ಪಕ್ಕಕ್ಕಿಟ್ಟು, ಮದುವೆ ಸೀಸನ್ನಿನ ನಡುವೆ, ಬಿಟ್ಟಿಯಾಗಿ. ಗೃಹಪ್ರವೇಶದಲ್ಲಿ ಅತ್ತಿಗೆ ಆ ಕುಚ್ಚು ತೋರಿಸುತ್ತಾ ಓಡಾಡಿದಳು. ನಾಗರಾಜ ನನ್ನ ಹೆಗಲ ಮೇಲೆ ಕೈ ಹಾಕಿ ಮನೆ ತೋರಿಸಿದ. ಲಿಫ್ಟಿನ ವೈರಿಂಗ್ ಸರಿಯಾಗಿದೆಯಾ ನೋಡು, ನೀನು ಗೊತ್ತಿರುವವನು ಅಂದ. ಸೊಸೈಟಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಆ ತಿಂಗಳ ಸಂಬಳ ಮುರಿದು ಮೂರು ದಿನವಾಗಿತ್ತು.

ಆಷಾಢದಲ್ಲಿ ಒಂದು ವಾರ ಬಿಡುವು ಸಿಕ್ಕಿತು. ಆಷಾಢ ಅರ್ಧ ಕಳೆದದ್ದೇ ತಡ, ಹಬ್ಬದ ಸೀರೆಗಳು ಬಂದವು. ಆ ಒಂದು ತಿಂಗಳಲ್ಲಿ ಶೋಭಾ ನಲವತ್ತೊಂದು ಸೀರೆ ಕಟ್ಟಿದಳು ಎಂದು ಪದ್ಮಕ್ಕ ಆಮೇಲೆ ಹೇಳಿದಳು. ಹೇಳುವಾಗ ಅವಳ ಜೋರು ದನಿ ಇರಲಿಲ್ಲ.

ಹಬ್ಬದ ಶುಕ್ರವಾರ ಬೆಳಗ್ಗೆ ಶೋಭಾ ತಲೆಸ್ನಾನ ಮಾಡಿ, ಬಾಗಿಲಿಗೆ ರಂಗೋಲಿ ಹಾಕಲು ಬಗ್ಗಿದವಳು ಮೇಲೇಳಲಿಲ್ಲ. ನಾನು ಕಳಸಕ್ಕೆ ನೀರು ತುಂಬಿಸುತ್ತಿದ್ದೆ. ಇಂಚರ ಕೂಗಿದಳು. ಎತ್ತಿಕೊಂಡಾಗ ಅವಳು ಇಷ್ಟು ಹಗುರವಾಗಿದ್ದಳೇ ಎಂದು ನನಗೆ ಆಶ್ಚರ್ಯವಾಯಿತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಮನೆಮನೆಯ ಮುಂದೆ ಬಾಳೆಕಂದು, ಹೊಸ ಸೀರೆ ಉಟ್ಟ ಹೆಂಗಸರು. ಅವಳಿಗೆ ಎಚ್ಚರವಿದ್ದಿದ್ದರೆ ಸೆರಗುಗಳನ್ನು ಗುರುತು ಹಿಡಿಯುತ್ತಿದ್ದಳು.

ಗರ್ಭಕೋಶದಲ್ಲಿ ಗೆಡ್ಡೆ ಬೆಳೆದಿತ್ತು. ಮೈಯಲ್ಲಿ ರಕ್ತವೇ ಇರಲಿಲ್ಲ. ಇಷ್ಟು ದಿನ ಹೇಗೆ ನಡೆದಾಡಿದರು ಎಂದು ಆಸ್ಪತ್ರೆಯ ಡಾಕ್ಟರು ನನ್ನನ್ನೇ ಕೇಳಿದರು. ರಕ್ತ ಹಾಕಿದರು, ಆಪರೇಷನ್ ಮಾಡಬೇಕು, ಆದರೆ ಹೃದಯ ಸೋತಿದೆ ಅಂದರು. ಮೂರನೇ ದಿನ ನಾಗರಾಜ ಸೇಬು ತಗೊಂಡು ಬಂದ. ಏನ್ ಬೇಕಾದ್ರೂ ಕೇಳು ಅಂದ. ನಾನು ಮೊದಲ ಸಲ ಬಾಯಿಬಿಟ್ಟು ಕೇಳಿದೆ, ನಲವತ್ತು ಸಾವಿರ. ಅವನು ಕಿಟಕಿಯ ಕಡೆ ನೋಡಿದ. ಗೃಹಪ್ರವೇಶ ಆಗಿ ಕೈ ಬರಿದಾಗಿದೆ, ಒಂದು ಪಾರ್ಟಿಯಿಂದ ಬರುವುದಿದೆ, ಬಂದ ಕೂಡಲೇ ನೋಡೋಣ ಅಂದ. ಪದ್ಮಕ್ಕ ಅಡವಿಡಲು ತನ್ನ ಎರಡು ಬಳೆ ಬಿಚ್ಚಿಕೊಟ್ಟಳು. ಅವಳು ನಮ್ಮ ಜಾತಿಯೂ ಅಲ್ಲ, ನೆಂಟಳೂ ಅಲ್ಲ.

ಒಂಬತ್ತನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಶೋಭಾ ಹೋದಳು.

ಮನೆಗೆ ತಂದು ಮಲಗಿಸಿದೆವು. ಒಂದು ಗಂಟೆಯೊಳಗೆ ಸೀರೆಗಳು ಬರಲು ಶುರುವಾದವು. ಅತ್ತೆಯ ಕಡೆಯವರು, ಚಿಕ್ಕಪ್ಪನ ಸೊಸೆಯಂದಿರು, ಯಡಿಯೂರಿನ ಅಕ್ಕಪಕ್ಕದವರು. ಒಂದು ವರ್ಷ ನಮ್ಮ ಮೆಟ್ಟಿಲು ಹತ್ತದವರೆಲ್ಲ ಸೀರೆ ಹಿಡಿದು ಹತ್ತಿದರು. ಒಂದರ ಮೇಲೊಂದು ಹೊದಿಸಿದರು. ನಾನು ಎಣಿಸಿದೆ, ಹದಿನೇಳು. ಕೊನೆಗೆ ನಾಗರಾಜ ಬಂದ, ಜಯನಗರದ ದೊಡ್ಡ ಅಂಗಡಿಯ ಡಬ್ಬಿ ಹಿಡಿದು. ಬಿಳಿ ಕಾಗದ ಬಿಡಿಸಿದ. ಅಪ್ಪಟ ಕಂಚಿ ರೇಷ್ಮೆ, ಕೈಯಗಲದ ಜರಿ. ಹೆಂಗಸರು ಉಸಿರು ಹಿಡಿದರು. ಅಣ್ಣ ಅಂದ್ರೆ ಹೀಗಿರಬೇಕು ಎಂದು ಒಬ್ಬಳು ಅಂದಳು. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಇನ್ನೊಬ್ಬಳು.

ಪುಣ್ಯವಂತೆ. ಆ ಮಾತು ಆ ದಿನ ಎಷ್ಟು ಸಲ ಕೇಳಿದೆನೋ. ರಕ್ತ ಸೋರಿ ಸೋರಿ, ಮಾತ್ರೆ ನುಂಗಿಕೊಂಡು, ಇನ್ನೊಬ್ಬನ ಸಾಲಕ್ಕೆ ಬೆನ್ನು ಬಗ್ಗಿಸಿ ಸತ್ತವಳು ಪುಣ್ಯವಂತೆ. ಗಂಡನಿಗಿಂತ ಮೊದಲು ಸತ್ತಳಲ್ಲ, ಅದಕ್ಕೆ. ಎಷ್ಟು ತಾಳ್ಮೆ, ಒಂದು ದಿನ ಬಾಯಿಬಿಟ್ಟವಳಲ್ಲ ಎಂದು ಹೊಗಳಿದರು. ಅವಳು ಬಾಯಿಬಿಡದಿದ್ದುದರಿಂದ ಯಾರ್ಯಾರಿಗೆ ಲಾಭವಾಯಿತು ಎಂದು ಒಬ್ಬರೂ ಕೇಳಲಿಲ್ಲ. ಹೆಣ್ಣಿನ ತಾಳ್ಮೆಯನ್ನು ಹೊಗಳುವವರನ್ನು ನಾನು ಅವತ್ತಿನಿಂದ ನಂಬುವುದಿಲ್ಲ.

ಇಂಚರ ಮೂಲೆಯಲ್ಲಿ ನಿಂತಿದ್ದವಳು ಹತ್ತಿರ ಬಂದು ಆ ಕಂಚಿ ಸೀರೆಯ ಸೆರಗು ಎತ್ತಿ ನೋಡಿದಳು. ಅಮ್ಮನ ಹಾಗೆಯೇ, ಎರಡು ಬೆರಳಲ್ಲಿ. "ಇದಕ್ಕೆ ಕುಚ್ಚೇ ಹಾಕಿಲ್ಲ," ಅಂದಳು. ಒಳಗೆ ಓಡಿ ಅರಗು ಬಣ್ಣದ ಧಾರೆ ಸೀರೆ ತಂದಳು. ಅಮ್ಮನಿಗೆ ಇದನ್ನು ಉಡಿಸಿ ಅಂದಳು. ದೊಡ್ಡವರು ಅವಳ ಕೈಯಿಂದ ಅದನ್ನು ಬಿಡಿಸಿಕೊಂಡರು. ಹಳೇ ಸೀರೆ ಆಗುವುದಿಲ್ಲ, ತವರಿನದೇ ಆಗಬೇಕು. ನಾನು ಏನಾದರೂ ಹೇಳಬಹುದಿತ್ತು. ಮಗಳು ನನ್ನ ಮುಖ ನೋಡಿದಳು.

ನಾನು ಮಾತಾಡಿದ್ದು ನಾಗರಾಜನ ಹತ್ತಿರ, ಅದೂ ಮೆಲ್ಲಗೆ. "ಈ ಸೀರೆಗೆ ಜಾಮೀನು ಯಾರು ಹಾಕಿದ್ರು ಭಾವ?" ಅಂದೆ.

ಅವನು ಕೇಳಿಸದವನ ಹಾಗೆ ಕಣ್ಣೊರೆಸಿಕೊಂಡ. ಪಕ್ಕದವರು ನನ್ನ ತೋಳು ಹಿಡಿದು ಆಚೆ ಕರೆದುಕೊಂಡು ಹೋದರು. ಪಾಪ, ದುಃಖಕ್ಕೆ ಏನೇನೋ ಆಡ್ತಾನೆ ಅಂದರು. ಒಂದು ವರ್ಷದಲ್ಲಿ ನಾನು ಸರಿಯಾಗಿ ಆಡಿದ ಮಾತು ಅದೊಂದೇ.

ವಿದ್ಯುತ್ ಚಿತಾಗಾರದಲ್ಲಿ ಕೆಲಸದವನು ನಮ್ಮನ್ನು ನಿಲ್ಲಿಸಿದ. "ಹೂವು, ಬಳೆ, ಜರಿ ಸೀರೆ ಒಳಗ್ ಬಿಡಲ್ಲ ಸಾರ್. ಎಲ್ಲಾ ತೆಗೀರಿ. ಒಂದ್ ಬಿಳಿ ಬಟ್ಟೆ ಸಾಕು." ಹದಿನೇಳನ್ನೂ ತೆಗೆದರು. ತವರಿನ ಸೀರೆಯನ್ನೂ ಬಿಚ್ಚಿದರು. ಮಡಿಸಲಿಲ್ಲ, ಸುತ್ತಿ ಕಟ್ಟೆಯ ಮೇಲೆ ಇಟ್ಟರು. ಆಮೇಲೆ ಅದನ್ನು ಯಾರು ತೆಗೆದುಕೊಂಡರೋ ಗೊತ್ತಿಲ್ಲ. ಯಾವ ಸೀರೆಗಾಗಿ ಅವಳು ಒಂದು ವರ್ಷ ಬಾಯಿ ಮುಚ್ಚಿಕೊಂಡಳೋ ಅದು ಅವಳ ಮೈಮೇಲೆ ಇದ್ದದ್ದು ಮೂರು ಗಂಟೆ. ಆ ಕಟ್ಟೆಯ ಪಕ್ಕ ನಿಂತಾಗ ನನಗೆ ಬಂದದ್ದು ಅಳು ಅಲ್ಲ.

ಹನ್ನೊಂದು ದಿನದ ಕಾರ್ಯ ಮುಗಿದ ಮೇಲೆ ಅವಳ ಕೆಲಸದ ಡಬ್ಬಿ ತೆಗೆದೆ, ಪದ್ಮಕ್ಕನ ಮಣಿ ಉಳಿದಿದ್ದರೆ ವಾಪಸ್ ಕೊಡಲು. ಕುಚ್ಚಿನ ದಾರವನ್ನು ಅವಳು ಗಟ್ಟಿ ಕಾಗದದ ಮಡಿಕೆಗೆ ಸುತ್ತಿಡುತ್ತಿದ್ದಳು, ಅಳತೆ ಒಂದೇ ಸಮ ಬರಲಿ ಎಂದು. ಇಂಚರ ಹಬ್ಬದ ಹಿಂದಿನ ದಿನ ಆರಿಸಿದ್ದ ಹಸಿರು ದಾರದ ಸುತ್ತು ಮೇಲೆಯೇ ಇತ್ತು. ಕಾಗದದ ತುದಿಯಲ್ಲಿ ಅಕ್ಷರ ಕಂಡು ದಾರ ಬಿಚ್ಚಿದೆ. ಬಿಚ್ಚುತ್ತಾ ಹೋದೆ. ಎಂಟು ಮಡಿಕೆ ಮಾಡಿ ದಾರ ಸುತ್ತಿದ್ದ ಆ ಕಾಗದ ಡಾಕ್ಟರಮ್ಮ ಬರೆದ ಸ್ಕ್ಯಾನಿನ ಚೀಟಿ. ಯುಗಾದಿಗೂ ಹಿಂದಿನ ತಾರೀಖು. ಅದರ ಮೇಲೆ ಸ್ಕ್ಯಾನ್ ಸೆಂಟರಿನ ಯಾವ ಸೀಲೂ ಇರಲಿಲ್ಲ.

ಸಾಲ ಮುಂದುವರಿಯಿತು. ಸೊಸೈಟಿಯವರು ಒಂದು ತಿಂಗಳೂ ಬಿಡಲಿಲ್ಲ. ನಾನು ಸಂಜೆ ಕೆಲಸ ಬಿಟ್ಟ ಮೇಲೆ ಬಿಟಿಎಂ ಕಡೆಯ ಪಿಜಿಗಳಲ್ಲಿ ಗೀಸರ್, ಫ್ಯಾನ್ ರಿಪೇರಿ ಮಾಡಿದೆ. ಮಕ್ಕಳು ಶಾಲೆ ಬಿಟ್ಟು ಪದ್ಮಕ್ಕನ ಅಂಗಡಿಯಲ್ಲಿ ಕೂತು ಹೋಂವರ್ಕ್ ಮಾಡಿದರು. ಅವಳ ಬಳೆ ಬಿಡಿಸಿಕೊಟ್ಟೆ. ಈ ಆಷಾಢದಲ್ಲಿ ಸೊಸೈಟಿಯ ಕೊನೆಯ ಕಂತು ಮುರಿದರು. ಸೆಕ್ರೆಟರಿ ಎದ್ದು ನಿಂತು ಕೈಮುಗಿದು, ಸಾಲ ತೀರಿದೆ ಅನ್ನುವ ಪತ್ರ ಕೊಟ್ಟ. ಅದರಲ್ಲಿ ಸಾಲಗಾರನ ಹೆಸರಿದೆ, ಜಾಮೀನುದಾರನ ಹೆಸರಿದೆ. ಕಿಟಕಿಯ ಪಕ್ಕ ಕೂತವಳ ಹೆಸರು ಎಲ್ಲೂ ಇಲ್ಲ. ಆ ಪತ್ರದ ಫೋಟೊ ತೆಗೆದು ನಾಗರಾಜನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ನೋಡಿದ. ಕೈಮುಗಿದ ಗುರುತೊಂದು ಬಂತು, ಮಾತಿಲ್ಲ. ಮಾರನೆಯ ದಿನ ಬೆಳಗ್ಗೆ ಎಲ್ಲರಿಗೂ ಕಳಿಸುವ ಶುಭೋದಯವೂ ಬಂತು. ನಾನು ಅವನ ನಂಬರು ತೆಗೆದುಹಾಕಿದೆ. ತವರು ಮುರಿಯಬಾರದು ಎಂದು ಕೇಳಿಕೊಂಡವಳು ಈಗ ಇಲ್ಲವಲ್ಲ.

ಹೋದ ವಾರ ನೆಂಟರೊಬ್ಬರು ಸಿಕ್ಕಿ, ಅಂತೂ ಸಾಲ ತೀರಿಸಿದೆಯಂತೆ, ಶೋಭಾಳ ಆತ್ಮಕ್ಕೆ ಶಾಂತಿ ಸಿಕ್ಕಿರುತ್ತದೆ ಅಂದರು. ಅವಳಿಗೆ ಶಾಂತಿ ಬೇಕಾಗಿರಲಿಲ್ಲ, ಸ್ಕ್ಯಾನ್ ಬೇಕಾಗಿತ್ತು.

ಇಂಚರಳಿಗೆ ಈಗ ಹನ್ನೊಂದು. ಪದ್ಮಕ್ಕನ ಅಂಗಡಿಯಲ್ಲಿ ಕೂತು ಕೂತು ಕುಚ್ಚು ಕಟ್ಟುವುದು ಕಲಿತಿದ್ದಾಳೆ. ದುಡ್ಡಿಗೆ ಕಟ್ಟಕೂಡದು ಎಂದು ನಾನು ಕಟ್ಟುನಿಟ್ಟಾಗಿ ಹೇಳಿದ್ದೇನೆ. ಹಬ್ಬ ಹತ್ತಿರ ಬಂತಲ್ಲ ಎಂದು ಮೊನ್ನೆ ಬೀರುವಿನಿಂದ ಧಾರೆ ಸೀರೆ ತೆಗೆದು ಬಿಸಿಲಿಗೆ ಹಾಕಿದೆವು. ನೀನೇ ಇದನ್ನು ಪೂರ್ತಿ ಮಾಡುತ್ತೀಯಾ ಎಂದು ಕೇಳಿದೆ. ಹಸಿರು ದಾರ ಹಾಗೆಯೇ ಇದೆ ಎಂದೆ. ಅವಳು ಸೆರಗನ್ನು ಎರಡು ಬೆರಳಲ್ಲಿ ಎತ್ತಿ ತುಂಬ ಹೊತ್ತು ನೋಡಿದಳು.

"ಬೇಡಪ್ಪ. ನನ್ ಗಂಟು ಬೇರೆ ಥರ ಬರುತ್ತೆ," ಅಂದಳು.

ಮಡಿಸಿ ಮತ್ತೆ ಒಳಗಿಟ್ಟೆವು. ಇಡುವ ಮೊದಲು ಸಿರಿ ಬೆರಳಿಟ್ಟು ಎಣಿಸಿದಳು. ಎಡಗಡೆ ಇಪ್ಪತ್ತೆರಡು ಕುಚ್ಚು ಇವೆ. ಬಲಗಡೆ ಅರ್ಧ ಸೆರಗಿಗೆ ಕುಚ್ಚು ಇಲ್ಲ.